ದತ್ತು ಬಂದ ಮಗುವಿನ ಬಗ್ಗೆ ಮಾತಾಡುವುದು ಹೇಗೆ? ನೆಂಟರಿಗೆ, ಟೀಚರ್‌ಗಳಿಗೆ, ಅಪ್ಪ ಅಮ್ಮಂದಿರಿಗೆ ಒಂದು ಸಮಗ್ರ ಮಾರ್ಗದರ್ಶಿ

2020ರ ಮಾರ್ಚ್. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅಂದಮೇಲೆ ಮನೆ ತುಂಬ ನೆಂಟರು. ನನ್ನ ಗಂಡನ ದೊಡ್ಡಮ್ಮ ಜಗುಲಿಯಲ್ಲಿ ಕೂತು ಕವಳ (ಎಲೆ ಅಡಿಕೆ) ಹಾಕುತ್ತಿದ್ದರು. ಐದು ವರ್ಷದ ನನ್ನ ಮಗಳು ಎರಡೂ ಕೈಯಲ್ಲಿ ಲೋಟ ಹಿಡಿದು, ನೀರು ಚೆಲ್ಲದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬಂದು ಅವರ ಮುಂದೆ ಇಟ್ಟಳು. ದೊಡ್ಡಮ್ಮ ಅವಳ ಗಲ್ಲ ಹಿಡಿದು ನನ್ನ ಕಡೆ ನೋಡಿದರು. “ಸಾಕಿದ ಕೂಸು ಹೇಳಿ ಗೊತ್ತೇ ಆಗ್ತಿಲ್ಲೆ. ನಿನ್ನ ಹಂಗೇ ಇದ್ದು” ಅಂದರು. ಸಾಕಿದ ಮಗು ಅಂತ ಗೊತ್ತೇ ಆಗುವುದಿಲ್ಲ, ನಿನ್ನ ಹಾಗೇ ಇದ್ದಾಳೆ ಅಂತ.

ಅವರು ಹೊಗಳಿದ್ದು. ಅದರಲ್ಲಿ ನನಗೆ ಅನುಮಾನವೇ ಇಲ್ಲ.

ರಾತ್ರಿ ಹಾಸಿಗೆಯಲ್ಲಿ ಮಗಳು ಕೇಳಿದಳು: “ಅಮ್ಮಾ, ಗೌರೀನ ನಾವು ಸಾಕಿದ್ದು ಅಲ್ವಾ? ನನ್ನನ್ನೂ ಸಾಕಿದ್ದಾ?” ಗೌರಿ ಅಂದರೆ ನಮ್ಮ ಕೊಟ್ಟಿಗೆಯ ದನ.

ತಾನು ದತ್ತು ಬಂದವಳು ಅಂತ ಅವಳಿಗೆ ಆಗಲೇ ಗೊತ್ತಿತ್ತು. ಹದಿನಾಲ್ಕು ತಿಂಗಳ ಮಗುವಾಗಿ 2016ರಲ್ಲಿ ನಮ್ಮ ಮನೆಗೆ ಬಂದ ದಿನದ ಫೋಟೋ ಗೋಡೆಯ ಮೇಲೇ ಇದೆ. ಆ ಕಥೆಯನ್ನು ಅವಳೇ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದಳು. ಹಾಗಾಗಿ ಅವತ್ತು ಯಾವ ಗುಟ್ಟೂ ಬಯಲಾಗಲಿಲ್ಲ. ಆದರೆ ಮನೆಯ ಮಗಳು ಅಂತ ನಿಶ್ಚಿಂತೆಯಿಂದ ಇದ್ದವಳು ಒಂದು ಪದದಿಂದ ಕೊಟ್ಟಿಗೆ ಕಡೆ ನೋಡುವ ಹಾಗಾಯಿತು. ಅವಳಿಗೆ ಏನು ಉತ್ತರ ಕೊಟ್ಟೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಕಡೆ ಯಾರೂ ಬೇಕಂತ ನೋಯಿಸುವುದಿಲ್ಲ. ಹಳೇ ಮಾತು ನಾಲಿಗೆ ಮೇಲೆ ಕೂತಿದೆ, ಬದಲಿ ಮಾತು ಗೊತ್ತಿಲ್ಲ. ಆ ಬದಲಿ ಮಾತುಗಳನ್ನು ಒಂದೊಂದಾಗಿ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ದತ್ತು ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳಿ

ಮಾತು ತಪ್ಪುವುದು ಬಹಳ ಸಲ ವಿಷಯ ಗೊತ್ತಿಲ್ಲದೆ. ನಮ್ಮ ದೇಶದಲ್ಲಿ ದತ್ತಿಗೆ ಮುಖ್ಯವಾಗಿ ಎರಡು ಕಾನೂನು. ಒಂದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ನೆಂಟರೊಳಗೆ ಮಗುವನ್ನು ಕೊಟ್ಟು ತೆಗೆದುಕೊಳ್ಳುವಾಗ ಜಾಸ್ತಿ ಬಳಕೆಗೆ ಬರುವುದು ಇದು. ಇನ್ನೊಂದು 2015ರ ಬಾಲನ್ಯಾಯ ಕಾಯ್ದೆ. ಇದಕ್ಕೆ ಧರ್ಮದ ಲೆಕ್ಕವಿಲ್ಲ, ಯಾವ ಧರ್ಮದವರು ಬೇಕಾದರೂ ಅರ್ಜಿ ಹಾಕಬಹುದು. ಇದನ್ನು ನೋಡಿಕೊಳ್ಳುವುದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ. ಜನ ಕರೆಯುವುದು ‘ಕಾರಾ’ ಅಂತ.

“ಎಲ್ಲಿಂದಲೋ ಒಂದು ಮಗು ತಂದ್ರಂತೆ” ಅಂತ ಸುಲಭವಾಗಿ ಹೇಳಿಬಿಡುತ್ತೇವಲ್ಲ, ಆ ‘ತಂದ್ರಂತೆ’ ಹಿಂದೆ ಎಷ್ಟಿದೆ ನೋಡಿ. ಮೊದಲು ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಅಧ್ಯಯನ ಮಾಡುತ್ತಾರೆ. ನಮ್ಮಲ್ಲಿಗೆ ಬಂದವರು ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದರು. ಅಡುಗೆಮನೆ, ತೋಟ ಎಲ್ಲ ತಿರುಗಿದರು. ಬಾವಿಕಟ್ಟೆ ತಗ್ಗಾಯಿತು, ಮಗು ಬರುವುದರೊಳಗೆ ಮೇಲೆ ಜಾಲರಿ ಹಾಕಿಸಿ ಅಂದರು. ಹಾಕಿಸಿದೆವು. ಆಮೇಲೆ ಕಾಯುವುದು. ಎಳೆ ಮಗುವಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಾರೆ. ಸರದಿ ಬಂದ ದಿನ ಮಗುವಿನ ಫೋಟೋ, ಆರೋಗ್ಯದ ವರದಿ ಬರುತ್ತದೆ. ಹೌದು ಅಥವಾ ಇಲ್ಲ ಅನ್ನಲು 48 ಗಂಟೆ ಸಮಯ. ನಂತರ ದತ್ತು ಕೇಂದ್ರಕ್ಕೆ ಹೋಗಿ ಮಗುವನ್ನು ಕಂಡು, ಸಹಿ ಹಾಕಿ, ಮೊದಲು ಪಾಲನೆಗೆ ಅಂತ ಮನೆಗೆ ಕರೆತರಬೇಕು. ಕೊನೆಗೆ ದತ್ತು ಆದೇಶ. ನಮಗೆ ಆದೇಶ ಕೊಟ್ಟಿದ್ದು ಕೋರ್ಟು. 2022ರ ಸೆಪ್ಟೆಂಬರ್‌ನಿಂದ ಆ ಅಧಿಕಾರ ಜಿಲ್ಲಾಧಿಕಾರಿಗೆ ಬಂದಿದೆ. ಅಲ್ಲಿಗೂ ಮುಗಿಯುವುದಿಲ್ಲ. 2 ವರ್ಷದವರೆಗೆ 6 ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ನೋಡುತ್ತಾರೆ.

ಆದೇಶ ಬಂದ ದಿನದಿಂದ ಮಗು ಎಲ್ಲ ರೀತಿಯಲ್ಲೂ ಆ ಅಪ್ಪ ಅಮ್ಮನದೇ. ಅವರಿಗೇ ಹುಟ್ಟಿದ್ದರೆ ಏನೇನು ಹಕ್ಕು ಇರುತ್ತಿತ್ತೋ ಅದೆಲ್ಲ ಇದೆ, ಆಸ್ತಿಯ ಹಕ್ಕೂ ಸೇರಿ. ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿ ಅಂತ ಇವರ ಹೆಸರೇ ಬರುತ್ತದೆ. ಹಾಗಾಗಿ “ಸ್ವಂತ ಮಗು ಅಲ್ಲವಂತೆ” ಅನ್ನುವುದು ಒರಟು ಮಾತು ಮಾತ್ರ ಅಲ್ಲ, ಸುಳ್ಳು ಕೂಡ. “ದತ್ತಹೋಮ ಮಾಡಿಸಿದ್ರಾ? ಇಲ್ಲಾಂದ್ರೆ ಹೇಗೆ ನಡೀತದೆ?” ಅಂತ ಕೇಳುವ ಹಿರಿಯರಿಗೂ ಒಂದು ಮಾತು. ಹಿಂದೂ ದತ್ತಕ ಕಾಯ್ದೆಯಲ್ಲೇ ದತ್ತಹೋಮ ಕಡ್ಡಾಯ ಅಲ್ಲ ಅಂತ ಬರೆದಿದೆ. ಮನಸ್ಸಿಗೆ ಬೇಕಾದರೆ ಮಾಡಿಸಿ, ಸಂತೋಷ.

ಹೆಜ್ಜೆ 2: ‘ಸಾಕು’, ‘ಸ್ವಂತ’, ‘ನಿಜವಾದ’ — ಈ ಮೂರನ್ನು ಬಿಡಿ

ಈ ಹೆಜ್ಜೆಯಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಇಷ್ಟು ಸರಿಯಾದರೆ ಅರ್ಧ ಕೆಲಸ ಆದ ಹಾಗೆ.

ಸಾಕುವುದು ಕೆಟ್ಟ ಪದ ಅಲ್ಲ. “ನನ್ನ ಮಕ್ಕಳನ್ನು ಕಷ್ಟಪಟ್ಟು ಸಾಕಿದೆ” ಅಂತ ಎಲ್ಲ ತಾಯಂದಿರೂ ಹೇಳುತ್ತಾರೆ. ಆದರೆ ಅದನ್ನು ಮಗುವಿನ ಹೆಸರಿನ ಹಿಂದೆ ಅಂಟಿಸಿದರೆ ಸಂಗತಿ ಬೇರೆ. ಸಾಕು ನಾಯಿ, ಸಾಕು ಬೆಕ್ಕು, ಸಾಕು ಮಗಳು. ಮೂರನ್ನೂ ಒಟ್ಟಿಗೆ ಹೇಳಿ ನೋಡಿ. ಮಗುವಿನ ಕಿವಿಗೆ ಅದು ಹಾಗೇ ಕೇಳಿಸುವುದು. ಕೊಂಕಣಿಯಲ್ಲೂ ‘ಪೊಸ್ಕೆಂ’ ಅಂತ ಒಂದು ಮಾತಿದೆ, ಅದೂ ಸಾಕುವುದರಿಂದಲೇ ಬಂದಿದ್ದು. ಅಂದರೆ ಘಟ್ಟದ ಮೇಲೂ ಕರಾವಳಿಯಲ್ಲೂ ಈ ರೂಢಿ ಹಳೆಯದು.

ಬದಲಿಗೆ ಏನು ಹೇಳಬೇಕು? ಮಗಳು. ಮಗ. ನಮ್ಮ ಕಡೆಯ ಮಾತಲ್ಲಿ ಕೂಸು, ಮಾಣಿ. ಅಷ್ಟು ಸಾಕು. “ಇವರ ಮಗಳು, ಎರಡನೇ ಕ್ಲಾಸು” ಅಂದರೆ ಪರಿಚಯ ಮುಗಿಯಿತು. ದತ್ತಿನ ವಿಷಯ ಹೇಳಲೇಬೇಕಾದ ಸಂದರ್ಭ ತುಂಬಾ ಕಡಿಮೆ. ಬಂದಾಗ, “ಅವಳು ದತ್ತು ಮೂಲಕ ನಮ್ಮ ಮನೆಗೆ ಬಂದವಳು” ಅನ್ನಿ. ‘ದತ್ತು ಮಗಳು’ ಅಂದರೆ ಅದು ಅವಳ ಗುರುತಿನ ಚೀಟಿ ಆಗಿಬಿಡುತ್ತದೆ. ‘ದತ್ತು ಮೂಲಕ ಬಂದಳು’ ಅಂದರೆ ಒಂದು ದಿನ ನಡೆದ ಸಂಗತಿ ಅಷ್ಟೇ. ಸಿಸೇರಿಯನ್ ಮೂಲಕ ಹುಟ್ಟಿದ ಮಗುವನ್ನು ನಾವು ಜೀವನಪೂರ್ತಿ ‘ಸಿಸೇರಿಯನ್ ಮಗ’ ಅಂತ ಕರೆಯುತ್ತೇವಾ?

ನೆಲ ಉಳುವಾಗ ಸಿಕ್ಕಿದ ಸೀತೆಗೆ ನಮ್ಮ ಹಿರಿಯರು ಇಟ್ಟ ಇನ್ನೊಂದು ಹೆಸರು ಜಾನಕಿ, ಜನಕನ ಮಗಳು. ಜನಕನ ಸಾಕುಮಗಳು ಅಂತ ಯಾರೂ ಕರೆಯಲಿಲ್ಲ. ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಕರ್ಣನೂ ಗೊತ್ತು. ಅವನನ್ನು ಹಂಗಿಸುವವರು ‘ಸೂತಪುತ್ರ’ ಅಂದರು. ಪ್ರೀತಿಯವರು ‘ರಾಧೇಯ’ ಅಂದರು, ರಾಧೆಯ ಮಗ. ಇಬ್ಬರೂ ಅವನನ್ನು ಬೆಳೆಸಿದ ಮನೆಯ ಹೆಸರನ್ನೇ ಹಿಡಿದು ಕರೆದದ್ದು. ಒಂದು ಬೈಗುಳ ಆಯಿತು, ಇನ್ನೊಂದು ಬಿರುದಾಯಿತು.

ಇನ್ನು ‘ಸ್ವಂತ’. “ಒಂದು ಸ್ವಂತದ್ದು, ಒಂದು ದತ್ತು ತಗೊಂಡಿದ್ದು” ಅಂತ ಲೆಕ್ಕ ಹೇಳುವವರಿದ್ದಾರೆ. ಎರಡೂ ಸ್ವಂತದ್ದೇ. ತೀರಾ ಬೇಕಾದರೆ “ದೊಡ್ಡವನು ಹುಟ್ಟಿ ಬಂದವನು, ಚಿಕ್ಕವಳು ದತ್ತು ಬಂದವಳು” ಅನ್ನಿ. ಮನೆಗೆ ಬಂದ ಎರಡು ದಾರಿ ಅಷ್ಟೇ ಅದು.

‘ನಿಜವಾದ ಅಪ್ಪ ಅಮ್ಮ ಯಾರು?’ ಅನ್ನುವ ಪ್ರಶ್ನೆಯಲ್ಲಿ, ಮುಂದೆ ಕೂತಿರುವ ನಾವು ಸುಳ್ಳು ಅಪ್ಪ ಅಮ್ಮ ಆಗಿಬಿಡುತ್ತೇವೆ. ಜ್ವರ ಬಂದ ರಾತ್ರಿ ಎದ್ದು ಕೂತವರು ಸುಳ್ಳಾ? ಕೇಳಬೇಕಾದ ಕಾರಣವಿದ್ದರೆ ನಮ್ಮ ಭಾಷೆಯಲ್ಲೇ ಒಳ್ಳೆಯ ಮಾತಿದೆ: ಹೆತ್ತ ತಾಯಿ, ಜನ್ಮ ಕೊಟ್ಟ ತಾಯಿ. ಇದರಲ್ಲಿ ಆ ತಾಯಿಗೂ ಮರ್ಯಾದೆ ಇದೆ, ಈ ತಾಯಿಗೂ ಇದೆ.

ಅವತ್ತು ರಾತ್ರಿ ಮಗಳಿಗೆ ನಾನು ಹೇಳಿದ್ದು ಇಷ್ಟು: “ಗೌರೀನ ಸಾಕ್ತೇವೆ, ಯಾಕಂದ್ರೆ ಅದು ದನ. ನಿನ್ನನ್ನು ಬೆಳೆಸ್ತೇವೆ, ಯಾಕಂದ್ರೆ ನೀನು ಮಗಳು. ಅಜ್ಜಿಗೆ ಆ ಪದ ಮಾತ್ರ ಗೊತ್ತಿತ್ತು. ನಾಳೆ ಹೇಳಿಕೊಡೋಣ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೌರೀಗೆ ಬೇಜಾರಾಗ್ತದಾ?” ಅಂತ ಕೇಳಿ ನಿದ್ದೆ ಮಾಡಿದಳು.

ಹೆಜ್ಜೆ 3: ಹೆತ್ತ ತಾಯಿಯ ಬಗ್ಗೆ ಬೈದು ಮಾತಾಡಬೇಡಿ

“ಯಾವ ಪಾಪಿ ಬಿಸಾಡಿ ಹೋದಳೋ.” ಮಗುವಿನ ಮೇಲಿನ ಕರುಣೆಯಿಂದಲೇ ಈ ಮಾತು ಬರುತ್ತದೆ. ಆದರೆ ಮಗುವಿನ ಕಣ್ಣು, ಕೂದಲು, ನಗು ಎಲ್ಲ ಆ ತಾಯಿಯಿಂದ ಬಂದಿದ್ದು. ಅವಳನ್ನು ಪಾಪಿ ಅಂದರೆ ಮಗು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಏನು ಅಂದುಕೊಳ್ಳಬೇಕು? ‘ಬಿಸಾಡಿದ್ದು’ ಅಂದರೆ ಕಸ. ಈ ಪದವನ್ನು ಮಗುವಿಗೆ ಯಾವತ್ತೂ ಬಳಸಬೇಡಿ.

ಕಾನೂನಿನಲ್ಲೂ ಸಂಗತಿ ಹಾಗಿಲ್ಲ. ಮಗುವನ್ನು ಬೆಳೆಸುವ ಸ್ಥಿತಿಯಲ್ಲಿ ಇಲ್ಲದ ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು ಮಗುವನ್ನು ಒಪ್ಪಿಸಬಹುದು. ಸಮಿತಿ ಅವರನ್ನು ಕೂರಿಸಿ ಮಾತಾಡುತ್ತದೆ. ಮನಸ್ಸು ಬದಲಾದರೆ ಮಗುವನ್ನು ವಾಪಸ್ ಪಡೆಯಲು 60 ದಿನ ಕೊಡುತ್ತದೆ. ಎಲ್ಲೋ ಸಿಕ್ಕಿದ ಮಗುವಾದರೆ ಹೆತ್ತವರನ್ನು ಹುಡುಕುತ್ತಾರೆ. 2 ವರ್ಷದೊಳಗಿನ ಮಗುವಿಗೆ 2 ತಿಂಗಳು, ಅದಕ್ಕಿಂತ ದೊಡ್ಡ ಮಗುವಿಗೆ 4 ತಿಂಗಳ ಗಡುವು. ಆಮೇಲೆಯೇ ಮಗುವನ್ನು ದತ್ತು ಕೊಡಬಹುದು ಅಂತ ಸಮಿತಿ ಹೇಳುವುದು.

ಅದಕ್ಕೇ ಹೇಳಬೇಕಾದ ಪದ ‘ಒಪ್ಪಿಸಿದಳು’. ಸಂಗತಿ ಗೊತ್ತಿಲ್ಲದಿದ್ದರೆ, “ಅವಳಿಗೆ ಬೆಳೆಸೋಕೆ ಆಗಲಿಲ್ಲ” ಅನ್ನಿ. ಕಾರಣ ಊಹಿಸಿ ಕಥೆ ಕಟ್ಟಬೇಡಿ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಮೀನು ಪೇಟೆಯಲ್ಲಿ ನಾವು ಗಟ್ಟಿಯಾಗಿ ‘ಪಾಪಿ ತಾಯಿ’ ಅನ್ನುವಾಗ, ಪಕ್ಕದಲ್ಲೇ ಯಾರಿಗೂ ಹೇಳಲಾಗದ ಸಂಕಟದಲ್ಲಿ ಒಬ್ಬ ಹುಡುಗಿ ನಿಂತಿರಬಹುದು. ಆ ಮಾತು ಕೇಳಿದವಳು ಸಮಿತಿ ಮುಂದೆ ಬರುವ ಧೈರ್ಯ ಮಾಡುತ್ತಾಳಾ? ಅಂಥವರು ಯಾರಾದರೂ ಗೊತ್ತಿದ್ದರೆ, ಅಥವಾ ಒಂಟಿ ಮಗು ಕಂಡರೆ, 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಫೋನ್ ಉಚಿತ.

‘ಅನಾಥ’ ಪದವನ್ನೂ ಜೋಪಾನವಾಗಿ ಬಳಸಿ. ಕಾನೂನು ಮೂರು ಬಗೆ ಹೇಳುತ್ತದೆ: ಅನಾಥ ಮಗು, ಪರಿತ್ಯಕ್ತ ಮಗು (ಹೆತ್ತವರು ಬಿಟ್ಟುಹೋದದ್ದು), ಒಪ್ಪಿಸಿದ ಮಗು. ದತ್ತು ಕೇಂದ್ರದ ಎಲ್ಲ ಮಕ್ಕಳೂ ಅನಾಥರಲ್ಲ. ದತ್ತು ಆದಮೇಲಂತೂ ಅಪ್ಪ ಅಮ್ಮ ಎದುರಿಗೇ ಇದ್ದಾರೆ.

ಹೆಜ್ಜೆ 4: ಪ್ರಶ್ನೆ ಬಾಯಿಗೆ ಬಂದಾಗ ಒಂದು ಕ್ಷಣ ತಡೆಯಿರಿ

ಹೊಸದಾಗಿ ಮಗು ಬಂದ ಮನೆಗೆ ಹೋಗುವಾಗ ಕುತೂಹಲ ಸಹಜ. ನಮ್ಮ ಮನೆಗೆ ಬಂದ ಮೊದಲ ವಾರದ ಪ್ರಶ್ನೆಗಳು ನನಗೆ ಈಗಲೂ ನೆನಪಿವೆ. ಎಲ್ಲಿಂದ ತಂದ್ರಿ? ಎಷ್ಟು ಖರ್ಚಾಯ್ತು? ಯಾವ ಜಾತಿದಂತೆ? ಜಾತಕ ಹೇಗೆ ಮಾಡಿಸ್ತೀರಿ? ಗಂಡು ಸಿಗ್ಲಿಲ್ವಾ? ಮೂಗಿನ ಹತ್ತಿರ ಬೆರಳು ತಂದು ಬಣ್ಣದ ಬಗ್ಗೆ ಮಾತಾಡಿದವರೂ ಇದ್ದರು.

‘ಎಷ್ಟು ಕೊಟ್ರಿ’ ಅನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ದತ್ತು ಪ್ರಕ್ರಿಯೆಗೆ ಸರ್ಕಾರ ಗೊತ್ತುಮಾಡಿದ ಶುಲ್ಕ ಇದೆ, ಆಸ್ಪತ್ರೆಯಲ್ಲಿ ಹೆರಿಗೆಗೆ ಬಿಲ್ ಇರುವ ಹಾಗೆ. ಹೆರಿಗೆ ಬಿಲ್ ಕಟ್ಟಿದವರಿಗೆ ‘ಮಗು ಎಷ್ಟಕ್ಕೆ ಸಿಕ್ತು’ ಅಂತ ಯಾರೂ ಕೇಳುವುದಿಲ್ಲ. ಮಗುವಿಗೆ ಬೆಲೆ ಕಟ್ಟಿ ಕೊಳ್ಳುವುದು, ಮಾರುವುದು ಅಪರಾಧ. 5 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿ ದಂಡ.

ಜಾತಿಯ ಪ್ರಶ್ನೆಗೆ ನಾವು ಕೊಟ್ಟ ಉತ್ತರ: “ನಮ್ಮ ಮನೆ ಮಗಳು. ನಮ್ಮನೆಯದು ಏನೋ ಅದೇ ಅವಳದು.” ಮುಂದೆ ಯಾರೂ ಕೇಳಲಿಲ್ಲ.

ಪ್ರಶ್ನೆ ಸರಿಯಾ ತಪ್ಪಾ ಅಂತ ನೋಡಲು ನಾನು ನೆಂಟರಿಗೆ ಹೇಳಿಕೊಡುವ ಉಪಾಯ ಒಂದೇ. ಆ ಮಗುವಿಗೆ ಹದಿನೈದು ವರ್ಷ ಆಗಿದೆ, ಬಾಗಿಲ ಹಿಂದೆ ನಿಂತು ಕೇಳುತ್ತಿದೆ ಅಂದುಕೊಳ್ಳಿ. ಆಗಲೂ ಕೇಳಬಹುದಾದ ಪ್ರಶ್ನೆಯಾದರೆ ಕೇಳಿ. ಸಣ್ಣ ಮಗುವಿಗೆ ಏನು ಗೊತ್ತಾಗ್ತದೆ ಅನ್ನಬೇಡಿ. ಪದ ಅರ್ಥವಾಗದಿದ್ದರೂ ದನಿ ತಗ್ಗಿದ್ದು, ಅಮ್ಮನ ಮುಖ ಸಣ್ಣದಾಗಿದ್ದು ಮಗುವಿಗೆ ತಿಳಿಯುತ್ತದೆ.

ಏನು ಕೇಳಬಹುದು? ಹೆಸರೇನಿಟ್ರಿ? ಎಂತ ತಿಂತದೆ? ರಾತ್ರಿ ನಿದ್ದೆ ಮಾಡ್ತದಾ? ಯಾರ ಹತ್ತಿರ ಜಾಸ್ತಿ ಹೋಗ್ತದೆ? ನಿಮಗೆ ಊಟ ನಿದ್ದೆ ಸರಿ ಆಗ್ತಾ ಇದೆಯಾ? ಹುಟ್ಟಿದ ಮಗುವಿನ ಮನೆಯಲ್ಲಿ ಏನು ಕೇಳುತ್ತೀರೋ ಅದೇ. ಬರಿಗೈಯಲ್ಲಿ ಹೋಗಬೇಡಿ. ಬಾಣಂತಿ ಇಲ್ಲದ ಮನೆಗೆ ಲೇಹ್ಯ ಬೇಡ ಅಷ್ಟೇ, ಉಡುಗೊರೆ, ತಿಂಡಿ, ನಾಮಕರಣದ ಸಡಗರ ಎಲ್ಲ ಬೇಕು. ಪಕ್ಕದ ಮನೆಯವರು ಆ ದಿನಗಳಲ್ಲಿ ಏನನ್ನೂ ಕೇಳದೆ ಎಂಟು ದಿನ ಮಧ್ಯಾಹ್ನಕ್ಕೆ ತಂಬುಳಿ, ಪಲ್ಯ ಮಾಡಿ ಕಳಿಸಿದರು. ಅದನ್ನು ನಾನು ಮರೆಯುವುದಿಲ್ಲ.

ಹೆಜ್ಜೆ 5: ನೋಯಿಸುವ ಹೊಗಳಿಕೆ

“ದೊಡ್ಡ ಪುಣ್ಯದ ಕೆಲಸ ಮಾಡಿದ್ರಿ.” “ಈ ಮಗು ಅದೃಷ್ಟ ಮಾಡಿತ್ತು.” ಒಳ್ಳೆಯ ಮನಸ್ಸಿನ ಮಾತೇ. ಆದರೆ ನಮಗೆ ಮಗು ಬೇಕಿತ್ತು, ಅದಕ್ಕೆ ದತ್ತು ಪಡೆದೆವು. ಪುಣ್ಯ ಅಂದ ಕೂಡಲೇ ಮಗು ದಾನ ಪಡೆದವಳು, ನಾವು ದಾನ ಕೊಟ್ಟವರು ಆಗಿಬಿಡುತ್ತೇವೆ. ನಾಳೆ ಹದಿಮೂರು ವರ್ಷದವಳು ಬಾಗಿಲು ಧಡಾರ್ ಅಂತ ಹಾಕಿಕೊಂಡರೆ, ಎಲ್ಲ ಮಕ್ಕಳೂ ಹಾಕಿಕೊಳ್ಳುವ ಹಾಗೆ, ‘ಇಷ್ಟೆಲ್ಲ ಮಾಡಿದ್ದಕ್ಕೆ ಹೀಗಾ’ ಅನ್ನುವ ಮಾತು ಬರುತ್ತದೆ. ಮಗುವಿಗೆ ಆ ಋಣದ ಹೊರೆ ಬೇಡ. “ನಿಮಗೆ ಒಳ್ಳೇ ಮಗಳು ಬಂದಳು, ತುಂಬಾ ಖುಷಿ ಆಯ್ತು” ಅಂದರೆ ಸಾಕು.

“ಇನ್ನು ನೋಡಿ, ನಿಮಗೆ ಸ್ವಂತದ್ದೂ ಆಗ್ತದೆ.” ಇದನ್ನು ಹಾರೈಕೆ ಅಂತ ಹೇಳುತ್ತಾರೆ. ಮಗುವಿನ ಕಿವಿಗೆ ಅದು ‘ನೀನು ಬಂದಿದ್ದು ಇನ್ನೊಂದು ಬರಲಿ ಅಂತ’ ಅನ್ನುವ ಹಾಗೆ ಬೀಳುತ್ತದೆ. ಬೇಡ. ‘ಬಂಜೆ’ ಪದವನ್ನಂತೂ ಬಿಟ್ಟೇಬಿಡಿ. ಮಕ್ಕಳಾಗಲಿಲ್ಲ ಅಂತಲೇ ದತ್ತು ಪಡೆಯುತ್ತಾರೆ ಅನ್ನುವುದೂ ತಪ್ಪು. ಹೆತ್ತ ಮಕ್ಕಳಿದ್ದವರೂ ಪಡೆಯುತ್ತಾರೆ, ಮದುವೆಯಾಗದವರೂ ಪಡೆಯುತ್ತಾರೆ.

ಹೆಜ್ಜೆ 6: ‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುವ ಗಾದೆಯನ್ನು ಇಂಥ ಮನೆಯಲ್ಲಿ ಎತ್ತಬೇಡಿ

ಮಗು ಸುಳ್ಳು ಹೇಳಿತು, ಪೆನ್ಸಿಲ್ ಕದ್ದಿತು, ಲೆಕ್ಕದಲ್ಲಿ ಕಡಿಮೆ ಅಂಕ ತಂದಿತು. ಎಲ್ಲ ಮನೆಯಲ್ಲೂ ನಡೆಯುವುದೇ. ಹೆತ್ತ ಮಗುವಾದರೆ ‘ಹುಡುಗಾಟ’ ಅನ್ನುತ್ತೇವೆ. ದತ್ತು ಬಂದ ಮಗುವಾದರೆ ಯಾರೋ ಒಬ್ಬರು ಮೂಲೆಯಲ್ಲಿ ‘ಯಾವ ರಕ್ತವೋ’ ಅನ್ನುತ್ತಾರೆ. ಕೇಳಿಸಿಕೊಂಡರೆ ಅಲ್ಲೇ ತಡೆಯಿರಿ. ಇದರಲ್ಲಿ ಸಂಕೋಚ ಬೇಡ. ಅಜ್ಜನೇ ಆಗಿದ್ದರೂ “ಹಾಗೆ ಹೇಳಬೇಡಿ ಅಜ್ಜ” ಅನ್ನಿ.

ಹೆಜ್ಜೆ 7: ಮಗುವಿಗೆ ಹೇಳುವುದು ಹೇಗೆ?

ಇದು ಅಪ್ಪ ಅಮ್ಮಂದಿರಿಗೆ. “ಮಗುವಿಗೆ ಹೇಳ್ಬೇಡಿ, ಸುಮ್ನೆ ಯಾಕೆ” ಅಂತ ನಮಗೆ ಸಲಹೆ ಕೊಟ್ಟವರು ಬಹಳ. ನಾನು ಅದನ್ನು ಒಪ್ಪುವುದಿಲ್ಲ. ಕುಮಟೆಯಲ್ಲಿ ಸೀನಿದರೆ ಶಿರಸಿಯಲ್ಲಿ ಕೇಳುವ ಊರು ನಮ್ಮದು. ತೋಟದ ಕೆಲಸಕ್ಕೆ ಬರುವವರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರಿಗೂ ಗೊತ್ತಿರುವ ವಿಷಯ ಮಗುವಿಗೆ ಮಾತ್ರ ಗೊತ್ತಿಲ್ಲ ಅಂದರೆ ಹೇಗೆ? ಒಂದು ದಿನ ಜಗಳದಲ್ಲಿ ಯಾರೋ ಹೇಳುತ್ತಾರೆ. ಆಗ ಮಗುವಿಗೆ ಜಾಸ್ತಿ ನೋವಾಗುವುದು ಅಪ್ಪ ಅಮ್ಮ ಮುಚ್ಚಿಟ್ಟರು ಅನ್ನುವುದಕ್ಕೆ.

ಮಾತು ಅರ್ಥವಾಗುವ ಮೊದಲೇ ಶುರು ಮಾಡಿ. ಎಣ್ಣೆ ಹಚ್ಚುವಾಗ, ತೊಟ್ಟಿಲು ತೂಗುವಾಗ “ನೀನು ನಮ್ಮ ಮನೆಗೆ ಬಂದ ದಿನ ಎಷ್ಟು ಮಳೆ ಗೊತ್ತಾ” ಅಂತ ಹೇಳಿ. ಮಗುವಿಗಲ್ಲ, ನಿಮ್ಮ ನಾಲಿಗೆಗೆ ರೂಢಿಯಾಗಲಿ ಅಂತ. ಮೊದಲ ಕೆಲವು ಸಲ ನನ್ನ ದನಿ ನಡುಗುತ್ತಿತ್ತು. ಮಗುವಿಗೆ ಅದು ಗೊತ್ತಾಗುವ ವಯಸ್ಸು ಬರುವಷ್ಟರಲ್ಲಿ ನಡುಕ ಹೋಗಿತ್ತು.

ನಾಲ್ಕೈದು ವರ್ಷಕ್ಕೆ “ನಾನು ನಿನ್ನ ಹೊಟ್ಟೇಲಿ ಇದ್ನಾ?” ಅಂತ ಕೇಳುತ್ತಾರೆ. “ಇಲ್ಲ ಮಗಾ. ಇನ್ನೊಬ್ಬ ಅಮ್ಮನ ಹೊಟ್ಟೇಲಿ ಇದ್ದೆ. ಆಮೇಲೆ ನಮ್ಮ ಮನೆಗೆ ಬಂದೆ” ಅನ್ನಿ. ಅಷ್ಟಕ್ಕೇ ನಿಲ್ಲಿಸಿ. ಮಗು ಇನ್ನೂ ಕೇಳಿದರೆ ಇನ್ನೂ ಹೇಳಿ. ಕೇಳದಿದ್ದರೆ ಆಟಕ್ಕೆ ಬಿಡಿ.

ಎಂಟು ಒಂಬತ್ತಕ್ಕೆ ಕಷ್ಟದ ಪ್ರಶ್ನೆ ಬರುತ್ತದೆ: “ನನ್ನನ್ನ ಯಾಕೆ ಇಟ್ಕೊಳ್ಳಲಿಲ್ಲ?” ಇಲ್ಲಿ ಅನೇಕರು ಸಮಾಧಾನಕ್ಕೆ “ನಿನ್ನ ಮೇಲೆ ತುಂಬಾ ಪ್ರೀತಿ ಇತ್ತು, ಅದಕ್ಕೇ ಕೊಟ್ಟಳು” ಅನ್ನುತ್ತಾರೆ. ನಾನು ಹಾಗೆ ಹೇಳಲಿಲ್ಲ. ಪ್ರೀತಿ ಇದ್ದವರು ಕೊಟ್ಟುಬಿಡುತ್ತಾರೆ ಅಂತಾದರೆ, ಪ್ರೀತಿ ಮಾಡುವ ನಾವೂ ಒಂದು ದಿನ ಕೊಡಬಹುದು ಅಂತ ಮಗು ಹೆದರಿದರೆ? ನಾನು ಹೇಳಿದ್ದು: “ನನಗೂ ಗೊತ್ತಿಲ್ಲ ಮಗಾ. ಆಗ ಅವರಿಗೆ ಯಾವ ಮಗುವನ್ನೂ ಬೆಳೆಸೋಕೆ ಆಗ್ತಿರಲಿಲ್ಲ ಅಂತ ಕಾಣ್ತದೆ. ನೀನು ಏನೋ ತಪ್ಪು ಮಾಡಿದ್ದಕ್ಕಲ್ಲ.” ಕೊನೆಯ ವಾಕ್ಯ ಬಿಡಬೇಡಿ. ಕೇಳದಿದ್ದರೂ ಹೇಳಿ. ಆ ವಯಸ್ಸಿನ ಮಕ್ಕಳು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಳ್ಳುತ್ತಾರೆ.

ದೊಡ್ಡವರಾದಮೇಲೆ ಬೇರು ಹುಡುಕುವ ಆಸೆ ಬರಬಹುದು. ದತ್ತು ನಿಯಮಗಳಲ್ಲೇ ಅದಕ್ಕೆ ದಾರಿ ಇದೆ. 18 ತುಂಬಿದವರು ತಾವೇ ಅರ್ಜಿ ಹಾಕಬಹುದು. ಹೆತ್ತವರು ತಮ್ಮ ಗುರುತು ಹೇಳಬೇಡಿ ಅಂತ ಕೇಳಿಕೊಂಡಿದ್ದರೆ ಅವರ ಒಪ್ಪಿಗೆ ಬೇಕು. “ನಿನಗೆ ಬೇಕು ಅನಿಸಿದಾಗ ಒಟ್ಟಿಗೇ ಹೋಗೋಣ” ಅಂತ ಮೊದಲೇ ಹೇಳಿಡಿ. ಅದರಿಂದ ನಿಮ್ಮ ಮೇಲಿನ ಪ್ರೀತಿ ಕಡಿಮೆ ಆಗುವುದಿಲ್ಲ.

ಹಾಗಂತ ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ದತ್ತು ಅನ್ನುವುದನ್ನು ಮುಚ್ಚಿಡುವುದು ಬೇಡ. ಆದರೆ ಮಗು ಯಾವ ಸ್ಥಿತಿಯಲ್ಲಿ ಸಿಕ್ಕಿತು, ಕಡತದಲ್ಲಿ ಏನು ಬರೆದಿದೆ ಅನ್ನುವುದು ಮಗುವಿಗೆ ಸೇರಿದ್ದು. ಅಣ್ಣ ತಮ್ಮಂದಿರಿಗೂ ಹೇಳಬೇಡಿ. ನಾವು ಮೊದಲ ವರ್ಷ ಒಬ್ಬರಿಗೆ ನಂಬಿ ಹೇಳಿದೆವು. ಅದು ಮಗಳಿಗೆ ತಿಳಿಯುವ ಮೊದಲೇ ಮೂರು ಮನೆ ದಾಟಿತ್ತು. ಆ ತಪ್ಪಿಗೆ ನನಗೆ ಇವತ್ತಿಗೂ ಬೇಸರ ಇದೆ.

ಹೆಜ್ಜೆ 8: ಶಾಲೆಯಲ್ಲಿ, ಆಸ್ಪತ್ರೆಯಲ್ಲಿ

ಟೀಚರ್‌ಗಳೇ, ವಂಶವೃಕ್ಷ ಬರೆಸುವಾಗ “ಮನೆಯಲ್ಲಿ ಯಾರ್‍ಯಾರಿದ್ದಾರೋ ಅವರನ್ನೆಲ್ಲ ಬರೆಯಿರಿ” ಅನ್ನಿ. ಹುಟ್ಟಿದ ದಿನದ ಫೋಟೋ ತನ್ನಿ ಅನ್ನುವ ಬದಲು ‘ನಿಮಗೆ ಇಷ್ಟದ ಸಣ್ಣವರಿದ್ದಾಗಿನ ಫೋಟೋ’ ಅನ್ನಿ. ಅಕ್ಟೋಬರ್‌ನಲ್ಲಿ ಕಿತ್ತೂರು ಚೆನ್ನಮ್ಮನ ಪಾಠ, ಭಾಷಣ ಮಾಡಿಸುತ್ತೀರಲ್ಲ, ಆಗ ಒಂದು ಮಾತು ಸೇರಿಸಿ: 1824ರ ಆ ಯುದ್ಧ ಹೊತ್ತಿಕೊಂಡಿದ್ದೇ ದತ್ತು ಪುತ್ರ ಶಿವಲಿಂಗಪ್ಪನನ್ನು ವಾರಸುದಾರ ಅಂತ ಬ್ರಿಟಿಷರು ಒಪ್ಪದೇ ಇದ್ದದ್ದರಿಂದ. ದತ್ತು ಮಗ ಮಗನೇ ಅಂತ ಒಂದು ಸಂಸ್ಥಾನವೇ ಕತ್ತಿ ಹಿಡಿಯಿತು ಅಂತ ತರಗತಿಯಲ್ಲಿ ಕೇಳಿದ ಮಗುವಿನ ಬೆನ್ನು ಹೇಗೆ ನೆಟ್ಟಗಾಗುತ್ತದೆ ಅಂತ ನಾನು ಕಂಡಿದ್ದೇನೆ.

‘ದತ್ತು’ ಪದ ಈಗ ಎಲ್ಲೆಲ್ಲೂ ಇದೆ. ಶಾಲೆ ದತ್ತು, ಗ್ರಾಮ ದತ್ತು. ಮೈಸೂರು ಮೃಗಾಲಯದಲ್ಲಿ ಹಣ ಕಟ್ಟಿ ಹುಲಿಯನ್ನು ಒಂದು ವರ್ಷಕ್ಕೆ ದತ್ತು ಪಡೆಯಬಹುದು. ಆ ಸುದ್ದಿಯನ್ನು ಪೇಪರಿನಲ್ಲಿ ಓದಿದ ದಿನ ಮಗಳು ಕೇಳಿದ್ದು ಒಂದೇ ಪ್ರಶ್ನೆ: “ವರ್ಷ ಮುಗಿದ್ಮೇಲೆ ಹುಲಿ ಏನಾಗ್ತದೆ?” ಹುಲಿಯ ಚಿಂತೆ ಅದಲ್ಲ ಅಂತ ನನಗೆ ಗೊತ್ತಾಯಿತು. ಹುಲಿಗೆ, ಶಾಲೆಗೆ ‘ಪೋಷಣೆ’, ‘ಪ್ರಾಯೋಜಕತ್ವ’ ಅನ್ನುವ ಪದ ಬಳಸಿದರೆ ಒಳ್ಳೆಯದು. ಸಂಘ ಸಂಸ್ಥೆಯವರು, ಪತ್ರಿಕೆಯವರು ಇದನ್ನು ಯೋಚಿಸಬೇಕು.

ಆಸ್ಪತ್ರೆಯಲ್ಲಿ ಮನೆತನದ ಕಾಯಿಲೆಗಳ ಬಗ್ಗೆ ಕೇಳಲೇಬೇಕಾಗುತ್ತದೆ. “ಆ ವಿವರ ನಮ್ಮಲ್ಲಿಲ್ಲ, ಮಗಳು ದತ್ತು ಮೂಲಕ ಬಂದವಳು” ಅಂತ ಒಮ್ಮೆ ಹೇಳಿದರೆ ಮುಗಿಯಿತು. ಒಂದು ಕಡೆ ನಾವು ಹೀಗೆ ಹೇಳಿದಾಗ ಫೈಲಿನ ಹೊರಗೆ ದೊಡ್ಡಕ್ಷರದಲ್ಲಿ ‘ದತ್ತು’ ಅಂತ ಬರೆದರು. ಕೆಮ್ಮಿಗೆ ಹೋದಾಗಲೂ ಕೌಂಟರಿನಲ್ಲಿ ಎಲ್ಲರೂ ಓದುವ ಹಾಗಾಯಿತು. ಒಳಗಿನ ಪುಟದಲ್ಲಿ ಬರೆಯಿರಿ ಅಂತ ಕೇಳಿಕೊಂಡೆ. ಕವರ್ ಬದಲಿಸಿಕೊಟ್ಟರು. ಕೇಳಿದರೆ ಆಗುತ್ತದೆ, ಕೇಳಬೇಕು.

ಮದುವೆ ಕಾಗದ, ಉತ್ತರಕ್ರಿಯೆ ಪತ್ರ, ಪತ್ರಿಕೆಯ ನಿಧನ ವಾರ್ತೆ: ಎಲ್ಲದರಲ್ಲೂ ‘ಮಗಳು’ ಅಂತಲೇ ಹಾಕಿಸಿ.

ಹೆಜ್ಜೆ 9: ಬಾಯಿ ತಪ್ಪಿದರೆ

ತಪ್ಪುತ್ತದೆ. ನನ್ನ ತಾಯಿಯ ಬಾಯಲ್ಲೇ ಎರಡು ಸಲ ‘ಸ್ವಂತ’ ಬಂದಿದೆ. ಅಲ್ಲೇ ನಿಲ್ಲಿಸಿ, “ತಪ್ಪಾಯ್ತು, ಮಗಳು ಅನ್ನಬೇಕಿತ್ತು” ಅಂದು ಮುಂದೆ ಹೋಗಿ. ಉದ್ದ ಸಮಜಾಯಿಷಿ ಬೇಡ. ಮಗು ಕೇಳಿಸಿಕೊಂಡಿದ್ದರೆ ಕ್ಷಮೆಯನ್ನು ಮಗುವಿಗೂ ಕೇಳಿ, ಅಮ್ಮನಿಗೆ ಮಾತ್ರ ಅಲ್ಲ.

ಹಿರಿಯರನ್ನು ತಿದ್ದುವಾಗ ನಾಲ್ಕು ಜನರ ಮುಂದೆ ಬೇಡ. ಅಡುಗೆಮನೆಗೆ ಕರೆದು, ಒಂದೇ ಪದ ಹೇಳಿಕೊಡಿ. ಆ ಜಾತ್ರೆಯ ಮರುದಿನ ನಾನು ದೊಡ್ಡಮ್ಮನ ಜೊತೆ ವೀಳ್ಯದೆಲೆ ಒರೆಸುತ್ತಾ ಕೂತು ಹೇಳಿದೆ, “ದೊಡ್ಡಮ್ಮ, ಸಾಕಿದ ಕೂಸು ಅನ್ನಬೇಡಿ. ರಾತ್ರಿ ಅವಳು ಗೌರಿ ಹಾಗಾ ಅಂತ ಕೇಳಿದಳು.” ಅವರು ಎಲೆ ಕೈಯಲ್ಲೇ ಹಿಡಿದು ಸುಮಾರು ಹೊತ್ತು ಸುಮ್ಮನಾದರು. ಕಣ್ಣು ಒದ್ದೆಯಾಗಿತ್ತು. ಮಾತು ಬೆಳೆಸಲಿಲ್ಲ.

2024ರ ಜಾತ್ರೆಗೆ ಮತ್ತೆ ಬಂದರು. ಅಪ್ಪೆಮಿಡಿಯ ಕಾಲ. ಜಗುಲಿಯಲ್ಲಿ ಮಿಡಿ ಸುರಿದುಕೊಂಡು ಅಜ್ಜಿ ಮೊಮ್ಮಗಳು ಆರಿಸುತ್ತಿದ್ದರು. ತೊಟ್ಟು ಇದ್ದಿದ್ದು ಒಂದು ಕಡೆ, ಮುರಿದಿದ್ದು ಒಂದು ಕಡೆ. ತೊಟ್ಟು ಮುರಿದರೆ ಉಪ್ಪಿನಕಾಯಿಯಲ್ಲಿ ಉಳಿಯುವುದಿಲ್ಲ. ಸಿದ್ದಾಪುರದಿಂದ ಬಂದ ಯಾರೋ ನೆಂಟರು ಮಗಳನ್ನು ನೋಡಿ, “ಇದು ಯಾರು?” ಅಂತ ಕೇಳಿದರು.

ದೊಡ್ಡಮ್ಮ ತಲೆ ಎತ್ತದೆ, ಮಿಡಿ ಆರಿಸುತ್ತಲೇ ಅಂದರು: “ನಮ್ಮನೆ ಕೂಸು. ನಾಲ್ಕನೇ ಕ್ಲಾಸು.”